ಹಳೇ ಲ್ಯಾಪ್‌ಟಾಪಿನಲ್ಲಿ ವಿಡಿಯೊ: ಎಕ್ಸ್‌ವಿ, ಎಸ್‌ಡಿಎಲ್, ಓಪನ್‌ಜಿಎಲ್

ನಾನು ಬರೆಯುತ್ತಿರುವ ಪುಟ್ಟ ವಿಡಿಯೊ ಪ್ಲೇಯರ್‌ಗೆ ಈವರೆಗೆ ಇದ್ದದ್ದು ಒಂದೇ ಔಟ್‌ಪುಟ್. ಎಫ್‌ಎಫ್‌ಎಂಪೆಗ್ ಎಂಬ ಲೈಬ್ರರಿ ಡಿಕೋಡ್ ಮಾಡಿಕೊಟ್ಟ (ಕುಗ್ಗಿಸಿದ ಫೈಲಿನಿಂದ ಬಿಚ್ಚಿದ) ಫ್ರೇಮನ್ನು ಸಿಪಿಯು ತಾನೇ ಆರ್‌ಜಿಬಿಗೆ (ಕೆಂಪು-ಹಸಿರು-ನೀಲಿ ರೂಪಕ್ಕೆ) ತಿರುಗಿಸಿ, ವಿಂಡೋ ಅಳತೆಗೆ ಹಿಗ್ಗಿಸಿ, ಲಿನಕ್ಸಿನಲ್ಲಿ ಪರದೆ ನೋಡಿಕೊಳ್ಳುವ ಎಕ್ಸ್11ಗೆ ಕೊಡುತ್ತಿತ್ತು. ಎಸ್.ಪಿ. ರೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ 1080ಪಿ ಹಾಕಿದರೆ ಫ್ಯಾನಿನ ಸದ್ದೇ ಸದ್ದು. 1080ಪಿಯ ಒಂದು ಫ್ರೇಮ್ ವೈಯುವಿ 4:2:0ರಲ್ಲಿ (ಬೆಳಕನ್ನು ಪೂರ್ತಿಯಾಗಿ, ಬಣ್ಣವನ್ನು ಕಡಿಮೆ ವಿವರದಲ್ಲಿ ಇಡುವ ವಿಡಿಯೊ ರೂಪ) ಸುಮಾರು 3.1 ಎಂಬಿ, 32 ಬಿಟ್ ಆರ್‌ಜಿಬಿ ಆದರೆ 8.3 ಎಂಬಿ. ಸೆಕೆಂಡಿಗೆ 25 ಫ್ರೇಮ್ ಎಂದರೂ 200 ಎಂಬಿ ದಾಟಿತು. ಇಷ್ಟನ್ನೂ ಸಿಪಿಯು ಹೊರುವಾಗ ಪಕ್ಕದ ಗ್ರಾಫಿಕ್ಸ್ ಚಿಪ್‌ಗೆ ಕೆಲಸವೇ ಇಲ್ಲ.

ಆ ಚಿಪ್‌ಗೆ ಕೆಲಸ ಒಪ್ಪಿಸುವ ಮೂರು ದಾರಿಗಳನ್ನು ಬರೆದು ನೋಡಿದೆ. ಪರೀಕ್ಷೆಗೆ ಇಟ್ಟುಕೊಂಡದ್ದು ಹಳೇ ಡಿವಿಡಿಯ ಯಕ್ಷಗಾನ ಒಂದು, ಫೋನಿನಲ್ಲಿ ತೆಗೆದ 1080ಪಿಯದು ಇನ್ನೊಂದು. ಎರಡಕ್ಕೂ ಕನ್ನಡ ಸಬ್‌ಟೈಟಲ್. ಮಲ್ಲೇಶ್ವರದ ನಮ್ಮ ದೊಡ್ಡಮ್ಮನಿಗೆ ಈಗ ಕಿವಿ ಮಂದ, ಅರ್ಥಗಾರಿಕೆಯನ್ನು ಅವರು ಓದಿಯೇ ಸವಿಯಬೇಕು. ಹಾಗಾಗಿ ನನಗೆ ವೇಗದಷ್ಟೇ ಅಕ್ಷರವೂ ಮುಖ್ಯ.

ಎಕ್ಸ್‌ವಿ, ಅಂದರೆ ಎಕ್ಸ್11ನದೇ ವಿಡಿಯೊ ವಿಸ್ತರಣೆ, ಎಲ್ಲಕ್ಕಿಂತ ಹಳೆಯದು, ಕೋಡ್ ಕಡಿಮೆ. ವೈಯುವಿ ಫ್ರೇಮ್ ಹಾಗೇ ಕೊಟ್ಟರೆ ಬಣ್ಣ, ಅಳತೆ ಎರಡನ್ನೂ ಹಾರ್ಡ್‌ವೇರ್ ನೋಡಿಕೊಳ್ಳುತ್ತದೆ. ಫ್ಯಾನ್ ತಣ್ಣಗಾಯಿತು. ಆದರೆ ಸಬ್‌ಟೈಟಲನ್ನು ಫ್ರೇಮಿನೊಳಗೇ, ಹಿಗ್ಗಿಸುವ ಮೊದಲೇ ಬರೆಯಬೇಕು. ಡಿವಿಡಿಯ 576 ಸಾಲಿನ ಚಿತ್ರವನ್ನು ಪರದೆ ತುಂಬ ಹಿಗ್ಗಿಸಿದಾಗ ಅಕ್ಷರವೂ ಹಿಗ್ಗಿತು. ‘ಲಕ್ಷ್ಮಣ’, ‘ಧೃತರಾಷ್ಟ್ರ’ ಬಂದಲ್ಲೆಲ್ಲ ಒತ್ತಕ್ಷರ ಕಲಸಿಹೋಗಿ, “ಕೆಳಗಿನದು ಏನೂ ಕಾಣ್ತಿಲ್ಲ ಕಣೋ” ಅಂದರು ದೊಡ್ಡಮ್ಮ. ಎಕ್ಸ್‌ವಿ ನನ್ನ ಪಟ್ಟಿಯಿಂದ ಹೋದದ್ದು ಅಲ್ಲಿಗೆ.

ಎಸ್‌ಡಿಎಲ್2 ಎಂಬ ಲೈಬ್ರರಿ ಬಹಳ ಸಲೀಸು. ವಿಂಡೋ, ಕೀಬೋರ್ಡ್, ವೈಯುವಿ ಟೆಕ್ಸ್ಚರ್ (ಗ್ರಾಫಿಕ್ಸ್ ಚಿಪ್ ಬಿಡಿಸಲು ಬಳಸುವ ಚಿತ್ರ) ಎಲ್ಲ ಒಂದೇ ಕಡೆ. ವಿಂಡೋಸ್‌ನಲ್ಲೂ ಅದೇ ಕೋಡ್ ಓಡುತ್ತದೆ. ಸಬ್‌ಟೈಟಲ್ ಬೇರೆಯದೇ ಟೆಕ್ಸ್ಚರ್ ಆಗಿ, ಪರದೆಯ ಪೂರ್ತಿ ರೆಸಲ್ಯೂಶನ್ನಿನಲ್ಲಿ ಬರುವುದರಿಂದ ಒತ್ತಕ್ಷರ ಚೊಕ್ಕ. ತೊಡಕು ಬಣ್ಣದ್ದು. ಏನೂ ಹೇಳದಿದ್ದರೆ ಅದು ಹಳೇ ಎಸ್‌ಡಿ ವಿಡಿಯೊದ ಬಣ್ಣದ ಲೆಕ್ಕವಾದ ಬಿಟಿ.601 ಸೂತ್ರ ಬಳಸುತ್ತದೆ, ಎಚ್‌ಡಿ ವಿಡಿಯೊಗೆ ಬೇಕಾದದ್ದು ಬಿಟಿ.709. ವೇಷದ ಕೆಂಪು, ಹಸಿರುಗಳ ಛಾಯೆ ಸರಿಯುತ್ತದೆ. ಎಸ್‌ಡಿಎಲ್‌ನ 2.0.8 ಆವೃತ್ತಿಯಿಂದ ಇದನ್ನು ಬದಲಿಸಬಹುದು, ಆದರೆ ಸೆಟ್ಟಿಂಗ್ ಇಡೀ ಪ್ರೋಗ್ರಾಮಿಗೆ ಒಂದೇ.

ಗ್ರಾಫಿಕ್ಸ್ ಚಿಪ್‌ಗೆ ನೇರವಾಗಿ ಅಪ್ಪಣೆ ಕೊಡುವ ಓಪನ್‌ಜಿಎಲ್‌ಗೆ ಬೆವರು ಹರಿಸಬೇಕು. ವೈ, ಯು, ವಿ ಮೂರಕ್ಕೂ ಒಂದೊಂದು ಟೆಕ್ಸ್ಚರ್ ಮಾಡಿ, ಬಣ್ಣದ ಲೆಕ್ಕವನ್ನು ಶೇಡರ್‌ನಲ್ಲಿ (ಚಿಪ್‌ನ ಮೇಲೇ ಓಡುವ ಪುಟ್ಟ ಪ್ರೋಗ್ರಾಮಿನಲ್ಲಿ) ನಾವೇ ಬರೆಯಬೇಕು. ಅದೇ ಅದರ ಬಲವೂ ಹೌದು: ಫ್ರೇಮ್ ಹೊತ್ತು ತಂದ ಮಾಹಿತಿ ನೋಡಿ 601 ಅಥವಾ 709 ಆರಿಸಬಹುದು. ಫ್ರೇಮಿನ ಸಾಲುಗಳ ಕೊನೆಗೆ ಹೆಚ್ಚುವರಿ ಬೈಟುಗಳಿರಬಹುದು. ಸಾಲಿನ ನಿಜವಾದ ಉದ್ದವನ್ನು ಅಪ್‌ಲೋಡ್ ಮಾಡುವಾಗ ತಿಳಿಸದಿದ್ದರೆ ಚಿತ್ರ ಓರೆಯಾಗುತ್ತದೆ. ಸಬ್‌ಟೈಟಲ್ ಬಿಡಿಸುವ ಲಿಬ್‌ಆಸ್ ಲೈಬ್ರರಿ ಕೊಡುವ ಅಕ್ಷರದ ಬಿಟ್‌ಮ್ಯಾಪ್‌ಗಳನ್ನು ಸಬ್‌ಟೈಟಲ್ ಬದಲಾದಾಗ ಮಾತ್ರ ಕಳಿಸಿದರೆ ಸಾಕು. ಬದಲಾಯಿತೇ ಎಂಬುದನ್ನೂ ಅದೇ ಹೇಳುತ್ತದೆ. ನನ್ನನ್ನು ಪೂರ್ತಿ ಒಲಿಸಿದ್ದು ಮಾತ್ರ ಬೇರೆ: ವಿಎ-ಎಪಿಐ ಮೂಲಕ ಗ್ರಾಫಿಕ್ಸ್ ಚಿಪ್ಪೇ ಡಿಕೋಡ್ ಮಾಡಿದ ಫ್ರೇಮ್ ಚಿಪ್‌ನ ಹಿಡಿತದಲ್ಲೇ ಇರುತ್ತದೆ, ಮೆಮೊರಿ ಹಂಚಿಕೊಳ್ಳುವ ಲಿನಕ್ಸಿನ ಡಿಎಂಎ-ಬಫ್ ಮೂಲಕ ಅದನ್ನು ಕಾಪಿ ಮಾಡದೆ ಟೆಕ್ಸ್ಚರ್ ಆಗಿ ಬಳಸಬಹುದು. ನನ್ನ ಎಸ್‌ಡಿಎಲ್ ಕೋಡಿನಲ್ಲಿ ಅದೇ ಫ್ರೇಮನ್ನು ರ‍್ಯಾಮ್‌ಗೆ ಇಳಿಸಿ ಮತ್ತೆ ಹತ್ತಿಸಬೇಕಿತ್ತು.

ಓಪನ್‌ಜಿಎಲ್‌ಗಿಂತ ಹೊಸದಾದ ವಲ್ಕನ್‌ಗೆ ನಾನು ಕೈ ಹಾಕಲಿಲ್ಲ. ಒಂದು ಆಯತ ಬಿಡಿಸಲು ಮೆಮೊರಿ, ಸಿಂಕ್ ಎಲ್ಲ ಕೈಯಾರೆ ಕಟ್ಟಬೇಕು. ಎಚ್‌ಡಿಆರ್ (ಬೆಳಕು-ನೆರಳಿನ ಹೆಚ್ಚಿನ ಹರವು) ಬೇಕಾದವರು ಎಂಪಿವಿ ಪ್ಲೇಯರ್‌ನ ‘ಜಿಪಿಯು-ನೆಕ್ಸ್ಟ್’ ಬಳಸುವ ಲಿಬ್‌ಪ್ಲಸೀಬೊ ನೋಡಲಿ.

ಈಗ ಓಪನ್‌ಜಿಎಲ್ ಮೊದಲ ಆಯ್ಕೆ, ಅದು ಸೋತರೆ ಎಸ್‌ಡಿಎಲ್, ಡ್ರೈವರೇ ಇಲ್ಲದಿದ್ದರೆ ಹಳೇ ಎಕ್ಸ್11. ಉಳಿದದ್ದು ಮಾಮೂಲಿ 8ರ ಬದಲು 10 ಬಿಟ್‌ಗಳಲ್ಲಿ ಬಣ್ಣ ಹೇಳುವ ವಿಡಿಯೊ. 16 ಬಿಟ್ ಟೆಕ್ಸ್ಚರ್‌ನ ಕೆಳಗಿನ 10 ಬಿಟ್‌ಗಳಲ್ಲಿ ಬಣ್ಣದ ಸಂಖ್ಯೆ ಕೂತಿರುವುದರಿಂದ ಶೇಡರ್‌ನಲ್ಲಿ 65535/1023ರಿಂದ ಗುಣಿಸಬೇಕು, ಇಲ್ಲದಿದ್ದರೆ ಪರದೆ ಹೆಚ್ಚುಕಡಿಮೆ ಕತ್ತಲು. ಮುಂದಿನ ಕೆಲಸ ಅದೇ.