ಕಿಡ್ನಿ ತಜ್ಞರ ಬಳಿ ಒಂದೇ ಹಾಳೆ ಹಿಡಿದು ಹೋಗಬೇಡಿ

ಮುಳಬಾಗಿಲಿನ ಲ್ಯಾಬೊಂದರಲ್ಲಿ ನಮ್ಮ ತಂದೆಯವರ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ, ಅದು ಸೋತರೆ ರಕ್ತದಲ್ಲಿ ಏರುವ ತ್ಯಾಜ್ಯ) 3.4 ಬಂದಾಗ, ಗಾಬರಿಯಲ್ಲಿ ಆ ಒಂದು ಹಾಳೆಯನ್ನಷ್ಟೇ ಜೇಬಿನಲ್ಲಿಟ್ಟುಕೊಂಡು ಅವರನ್ನು ಕೋಲಾರದ ಕಿಡ್ನಿ ತಜ್ಞರ ಬಳಿಗೆ ಕರೆದೊಯ್ದೆ. ವೈದ್ಯರು ಕೇಳಿದ ಮೊದಲ ಪ್ರಶ್ನೆ, ಆರು ತಿಂಗಳ ಹಿಂದೆ ಇದು ಎಷ್ಟಿತ್ತು ಎಂಬುದು. ತಂದೆಯವರಿಗೆ 15 ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದರೂ ನನ್ನ ಬಳಿ ಉತ್ತರವಿರಲಿಲ್ಲ.

ಕ್ರಿಯಾಟಿನಿನ್ ಕೆಲವೇ ದಿನಗಳಲ್ಲಿ ಏರಿದ್ದರೆ ಅದು ತುರ್ತು. ವರ್ಷಗಟ್ಟಲೆ ನಿಧಾನವಾಗಿ ಏರುತ್ತ ಬಂದಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ. ತೊಂದರೆ 3 ತಿಂಗಳಿಗೂ ಮೀರಿ ಉಳಿದಿದ್ದರೆ ಅದನ್ನು ದೀರ್ಘಕಾಲದ ಕಾಯಿಲೆಯೆಂದು ಪರಿಗಣಿಸುತ್ತಾರೆ. ಸ್ಕ್ಯಾನಿನಲ್ಲಿ ಕಿಡ್ನಿ ಕುಗ್ಗಿರುವುದು ಕಂಡರೆ ಹಳೆಯದೆಂದು ಊಹಿಸಬಹುದಂತೆ, ಆದರೆ ಸಕ್ಕರೆ ಕಾಯಿಲೆಯವರಲ್ಲಿ ಎಷ್ಟೋ ಸಲ ಗಾತ್ರ ಕುಗ್ಗಿರುವುದಿಲ್ಲ. ನಮ್ಮ ತಂದೆಯವರದೂ ಹಾಗೆಯೇ ಇತ್ತು. ಬೇರೆ ಆಧಾರವಿಲ್ಲದ ವೈದ್ಯರು ಅವರನ್ನು ಎರಡು ರಾತ್ರಿ ದಾಖಲಿಸಿಕೊಂಡರು, ಅದರಲ್ಲಿ ಅವರ ತಪ್ಪೇನೂ ಇಲ್ಲ. ಮೂರನೆಯ ದಿನ ನನ್ನ ತಮ್ಮ ಮನೆಯೆಲ್ಲ ಜಾಲಾಡಿದಾಗ, ಪಹಣಿ ಪತ್ರಗಳ ಚೀಲದಲ್ಲಿ ಮಡಿಸಿಟ್ಟಿದ್ದ 9 ತಿಂಗಳ ಹಿಂದಿನ ರಿಪೋರ್ಟು ಸಿಕ್ಕಿತು: 3.1. ಅಂದರೆ ಏರಿಕೆ ನಿಧಾನದ್ದೇ.

ಇನ್ನೊಂದು ಎಡವಟ್ಟು ಮಾತ್ರೆಗಳದು. "ಬಿಳಿದೊಂದು, ಚಿಕ್ಕದೊಂದು" ಎಂದು ತಂದೆಯವರು ಹೇಳಿದ್ದನ್ನೇ ನಾನೂ ಒಪ್ಪಿಸಿದೆ. ಮಂಡಿನೋವಿಗೆಂದು ಚೀಟಿಯಿಲ್ಲದೆ ಔಷಧಿ ಅಂಗಡಿಯಿಂದ ತರುತ್ತಿದ್ದ ಮಾತ್ರೆಯ ವಿಷಯವನ್ನು ಅವರು ಹೇಳಲೇ ಇಲ್ಲ, ಅದು ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಆಸ್ಪತ್ರೆಯಲ್ಲಿ ಅಂಗಿಯ ಜೇಬಿನಿಂದ ಬಿದ್ದ ಮಾತ್ರೆಯ ಸ್ಟ್ರಿಪ್ಪಿನ ತುಂಡನ್ನು ಅಂಗಡಿಯವನು ಎಲ್ಲಿ ಕತ್ತರಿಸಿದ್ದನೆಂದರೆ, ಹೆಸರಿನಲ್ಲಿ "ಫೆನಾಕ್" ಎಂಬಷ್ಟೇ ಉಳಿದಿತ್ತು. ಡೈಕ್ಲೊಫೆನಾಕೋ ಅಸೆಕ್ಲೊಫೆನಾಕೋ, ಯಾವುದಾದರೂ ಈ ಕಿಡ್ನಿಗೆ ಬೇಡವೇ ಬೇಡ ಎಂದು ವೈದ್ಯರು ಅಂದೇ ನಿಲ್ಲಿಸಿದರು. ಆದ್ದರಿಂದ ನೋವಿನ ಮಾತ್ರೆ, ಕಷಾಯ, ಭಸ್ಮ, ಲೇಹ್ಯ ಏನೇ ಇದ್ದರೂ ಸ್ಟ್ರಿಪ್ಪು, ಡಬ್ಬಿ ಸಮೇತ ಚೀಲಕ್ಕೆ ಹಾಕಿಕೊಂಡು ಹೋಗಿ.

ಪರೀಕ್ಷೆಗೆ ರಕ್ತ ಕೊಡಬೇಕೆಂದು ಅಂದು ಬೆಳಿಗ್ಗೆ ಬಿಪಿ ಮಾತ್ರೆಯನ್ನೂ ತಪ್ಪಿಸಿದ್ದೆವು. ಬಿಪಿ 180/100 ಬಂದು, ಡೋಸ್ ಏರಿಸಬೇಕೇ ಎಂಬ ಚರ್ಚೆ ನಡೆಯಿತು. ಬರಿಹೊಟ್ಟೆಯಲ್ಲಿ ಬರಬೇಕೇ, ಯಾವ ಮಾತ್ರೆ ನುಂಗಿ ಬರಬೇಕು ಎಂದು ಮೊದಲೇ ಫೋನಿನಲ್ಲಿ ಕೇಳಬಹುದಿತ್ತು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಹೋಗುತ್ತಿದೆ ಎಂದು ನೋಡಲು ಬೆಳಗಿನ ಮೊದಲ ಮೂತ್ರವೇ ಉತ್ತಮವಂತೆ. ತಂದೆಯವರದು ಮುಳಬಾಗಿಲು ಬಸ್ ನಿಲ್ದಾಣದಲ್ಲೇ ಮುಗಿದಿತ್ತು, ಆ ಒಂದು ಪರೀಕ್ಷೆಗಾಗಿ ಮರುದಿನ ಬೆಳಿಗ್ಗೆಯವರೆಗೆ ಕಾಯಬೇಕಾಯಿತು.