ಚೋರ್ಲಾ ಘಾಟಿಗೆ ಯಾವ ಕ್ಲಚ್? ಹಳೆ ಆರ್15ಗೆ ಮೂರನ್ನೂ ಹಾಕಿ ನೋಡಿದೆ

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿ ಇಳಿದವರಿಗೆ ಇದು ಗೊತ್ತಿರುತ್ತದೆ. ತಿರುವು ಹತ್ತಿರ ಬಂತು. ಬ್ರೇಕ್ ಹಿಡಿದು ನಾಲ್ಕರಿಂದ ಮೂರು, ಮೂರರಿಂದ ಎರಡಕ್ಕೆ ಗೇರ್ ಇಳಿಸಿ ಕ್ಲಚ್ ಬಿಟ್ಟಿರಿ. ಹಿಂದಿನ ಚಕ್ರ ಟಕಟಕ ಅಂತ ಕುಣಿದು, ಗಾಡಿಯ ಹಿಂಭಾಗ ಪಕ್ಕಕ್ಕೆ ಸರಿಯಿತು. ಜುಲೈ ಮಳೆಯಲ್ಲಿ, ಎಲೆ ಬಿದ್ದು ಜಾರುವ ರಸ್ತೆಯಲ್ಲಿ ನನಗೆ ಹೀಗಾಯಿತು. ಎದುರಿಗೆ ಲಾರಿ ಇರಲಿಲ್ಲ, ಅದೇ ಪುಣ್ಯ. ಮನೆಗೆ ಬಂದ ಮೇಲೂ ಎಷ್ಟೋ ಹೊತ್ತು ಎದೆ ಹೊಡೆದುಕೊಳ್ಳುತ್ತಿತ್ತು. ಇದಕ್ಕೊಂದು ದಾರಿ ಹುಡುಕಲೇಬೇಕು ಅಂತ ಅವತ್ತೇ ನಿಶ್ಚಯ ಮಾಡಿದೆ. ಆಮೇಲೆ ಕ್ಲಚ್ಚಿನ ಮೇಲೆ ಮೂರು ಪ್ರಯೋಗ ಮಾಡಿದೆ: ಕಂಪನಿಯ ಹೊಸ ಪ್ಲೇಟ್, ಬಿಗಿ ಸ್ಪ್ರಿಂಗ್, ಕೊನೆಗೆ ಸ್ಲಿಪ್ಪರ್ ಕ್ಲಚ್.

ನನ್ನದು ಯಮಹಾ ಆರ್15 ಬೈಕ್, ಎರಡನೇ ಆವೃತ್ತಿ. 2011ರಲ್ಲಿ ಬಂದ ಮಾದರಿ. ಆರು ಗೇರ್, ಸಾದಾ ಕ್ಲಚ್, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. 2018ರಲ್ಲಿ ಬಂದ ಮೂರನೇ ಆವೃತ್ತಿಗೆ ಕಂಪನಿಯೇ ಅಸಿಸ್ಟ್ ಆ್ಯಂಡ್ ಸ್ಲಿಪ್ಪರ್ ಕ್ಲಚ್ ಹಾಕಿ ಕೊಟ್ಟಿತು. ಗೇರ್ ಇಳಿಸಿದಾಗ ತಾನೇ ಸ್ವಲ್ಪ ಜಾರಿ ಹೊಡೆತ ತಗ್ಗಿಸುವ ಕ್ಲಚ್ ಅದು. ನಮ್ಮ ಹಳೆ ಗಾಡಿಗೆ ಅದಿಲ್ಲ.

ಚಕ್ರ ಕುಣಿಯುವುದು ಯಾಕೆ? ವೇಗದಲ್ಲಿ ಇರುವಾಗಲೇ ಗೇರ್ ಇಳಿಸಿದರೆ ಚಕ್ರವೇ ಇಂಜಿನ್ನನ್ನು ಜೋರಾಗಿ ತಿರುಗಿಸಬೇಕಾಗುತ್ತದೆ. ಇಂಜಿನ್ ಅಷ್ಟು ಸುಲಭಕ್ಕೆ ತಿರುಗುವುದಿಲ್ಲ. ಆ ತಡೆಯೆಲ್ಲಾ ಹಿಂದಿನ ಟೈರಿನ ಮೇಲೆ ಬೀಳುತ್ತದೆ. ಅದೇ ಹೊತ್ತಿಗೆ ಮುಂದಿನ ಬ್ರೇಕ್ ಹಿಡಿದಿರುತ್ತೀರಿ, ಭಾರ ಮುಂದಕ್ಕೆ ಹೋಗಿ ಹಿಂಭಾಗ ಹಗುರಾಗಿರುತ್ತದೆ. ಹಗುರಾದ ಟೈರ್ ಹಿಡಿತ ಬಿಡುತ್ತದೆ, ಮತ್ತೆ ಹಿಡಿಯುತ್ತದೆ, ಮತ್ತೆ ಬಿಡುತ್ತದೆ.

ಉದ್ಯಮಬಾಗದಲ್ಲಿ ನನಗೆ ಪರಿಚಯದ ಮೆಕ್ಯಾನಿಕ್ ಕಾಕಾ ಒಬ್ಬರಿದ್ದಾರೆ. ನಾನು ಹೋಗಿ ನೇರವಾಗಿ ಸ್ಲಿಪ್ಪರ್ ಮಾತು ತೆಗೆದೆ. ಅವರು ಅಂದರು, "ತಮ್ಮಾ, ಮೊದಲ ಪ್ಲೇಟ್ ತಗದು ನೋಡೂಣು. ಅವು ಸವದಿದ್ರ ಮ್ಯಾಲೆ ಏನ್ ಹಾಕಿದ್ರೂ ಉಪಯೋಗಿಲ್ಲ." ಪ್ಲೇಟ್ ಅಂದರೆ ಕ್ಲಚ್ಚಿನೊಳಗೆ ಸ್ಪ್ರಿಂಗುಗಳು ಒಂದಕ್ಕೊಂದು ಅಮುಕಿ ಹಿಡಿಯುವ ಬಿಲ್ಲೆಗಳು. ಆ ಮಾತು ಕೇಳಿದ್ದು ಒಳ್ಳೇದಾಯ್ತು.

ಆಯಿಲ್ ಇಳಿಸಿ ಬಲಗಡೆ ಕವರ್ ಬಿಚ್ಚಿದೆವು. ಸುಟ್ಟ ವಾಸನೆ ಬಂತು. ಸ್ಟೀಲ್ ಪ್ಲೇಟುಗಳಲ್ಲಿ ಎರಡಕ್ಕೆ ನೀಲಿ ಬಣ್ಣ ಹತ್ತಿತ್ತು, ಅಂದರೆ ಕಾದು ಹೋಗಿವೆ. ಕಾಕಾ ನನ್ನ ಬೆರಳು ಹಿಡಿದು ಪ್ಲೇಟುಗಳು ಕೂರುವ ಬಟ್ಟಲಿನಂಥ ಕ್ಲಚ್ ಹೌಸಿಂಗಿನ ಹಲ್ಲುಗಳ ಮೇಲೆ ಉಗುರು ಆಡಿಸಲು ಹೇಳಿದರು. ಪ್ಲೇಟಿನ ಕಿವಿ ಬಡಿದು ಬಡಿದು ಅಲ್ಲಿ ಸಣ್ಣ ಸಣ್ಣ ಗುಂಡಿ ಬಿದ್ದಿದ್ದವು. ಕ್ಲಚ್ ಬಿಡುವಾಗ ಪ್ಲೇಟ್ ಆ ಗುಂಡಿಗೆ ಸಿಕ್ಕಿಕೊಂಡು ಗಾಡಿ ಜಗ್ಗುತ್ತದೆ. ನಯವಾದ ಅರದಿಂದ ಅವನ್ನು ಹದವಾಗಿ ಉಜ್ಜಿದೆವು. ಹೊಸ ಪ್ಲೇಟುಗಳನ್ನು ರಾತ್ರಿಯಿಡೀ ಸ್ಟೀಲ್ ಡಬ್ಬಿಯಲ್ಲಿ ಇಂಜಿನ್ ಆಯಿಲ್‌ನಲ್ಲಿ ನೆನೆಹಾಕಿದ್ದೆ. ಇದನ್ನು ಮರೆಯಬೇಡಿ. ಒಣ ಪ್ಲೇಟ್ ಹಾಕಿದರೆ ಮೊದಲ ದಿನವೇ ಸುಡಬಹುದು.

ಹೀಗೆ ಮೊದಲ ಪ್ರಯೋಗ ಕಂಪನಿಯ ಹೊಸ ಪ್ಲೇಟ್, ಕಂಪನಿಯದೇ ಸ್ಪ್ರಿಂಗ್. ಎರಡು ಸಾವಿರದೊಳಗೆ ಮುಗಿಯಿತು. ಗಾಡಿ ಹೊಸದಾದ ಹಾಗಾಯಿತು. ವಂಟಮುರಿ ಘಾಟಿ ಏರುವಾಗ ಮೊದಲು ಇಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಅದು ಪೂರ್ತಿ ನಿಂತಿತು. ಇಲ್ಲೊಂದು ಮಾತು. ಪ್ಲೇಟ್ ಸವೆದು ಕ್ಲಚ್ ಸ್ಲಿಪ್ ಆಗುವುದು ಬೇರೆ, ಸ್ಲಿಪ್ಪರ್ ಕ್ಲಚ್ ಬೇರೆ. ಹೆಸರು ಒಂದೇ ಥರ ಇರುವುದರಿಂದ ತುಂಬಾ ಜನ ಕಲಸಿಕೊಳ್ಳುತ್ತಾರೆ.

ಆದರೆ ಚೋರ್ಲಾದಲ್ಲಿ ಚಕ್ರ ಕುಣಿಯುವುದು ಹಾಗೇ ಉಳಿಯಿತು. ಗೇರ್ ಇಳಿಸುವ ಆ ಕ್ಷಣದಲ್ಲಿ ಆಕ್ಸಿಲರೇಟರ್ ಸ್ವಲ್ಪ ತಿರುವಿ, ಇಂಜಿನ್ ವೇಗ ಏರಿಸಿ ಆಮೇಲೆ ಕ್ಲಚ್ ಬಿಟ್ಟರೆ ಕುಣಿಯುವುದಿಲ್ಲ. ಈ ಅಭ್ಯಾಸ ಎಲ್ಲರೂ ಮಾಡಲೇಬೇಕು. ಒಣ ರಸ್ತೆಯಲ್ಲಿ ನನಗೆ ಚೆನ್ನಾಗಿಯೇ ಬರುತ್ತದೆ. ಮಳೆಯಲ್ಲಿ, ಒದ್ದೆ ಗ್ಲೌಸ್ ಹಾಕಿಕೊಂಡು, ಅದೇ ಬಲಗೈಯಲ್ಲಿ ಬ್ರೇಕನ್ನೂ ಹಿಡಿದು ಮಾಡುವಾಗ ಹತ್ತರಲ್ಲಿ ಮೂರು ಸಲ ತಪ್ಪುತ್ತಿತ್ತು.

ಎರಡನೆಯದು ಬಿಗಿ ಸ್ಪ್ರಿಂಗ್. ಇದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಲಿವರ್ ಗಟ್ಟಿಯಾಯಿತು. ಟಿಳಕವಾಡಿ ರೈಲ್ವೆ ಗೇಟಿನ ಸಾಲಲ್ಲಿ ನಿಂತು ಮುಂದೆ ಸರಿಯುವಷ್ಟರಲ್ಲಿ ಮಣಿಕಟ್ಟು ನೋಯುತ್ತಿತ್ತು. ಚಕ್ರ ಕುಣಿಯುವುದು ಇನ್ನೂ ಹೆಚ್ಚಾಯಿತು. ಪ್ಲೇಟುಗಳನ್ನು ಇನ್ನಷ್ಟು ಅಮುಕಿ ಹಿಡಿದರೆ ಹಿಂದಿನಿಂದ ಬರುವ ಹೊಡೆತವೂ ಅಷ್ಟೇ ಗಟ್ಟಿಯಾಗಿ ದಾಟುತ್ತದೆ ಅಲ್ವಾ? ಇಂಜಿನ್ ಶಕ್ತಿ ಹೆಚ್ಚಿಸಿದವರಿಗೆ ಇದು ಬೇಕಾಗಬಹುದು. ಸಾದಾ ಆರ್15ಗೆ ಬೇಡ. ಮೂರು ವಾರಕ್ಕೇ ತೆಗೆಸಿದೆ.

ಮೂರನೆಯದು ಹೊರಗಿನ ಕಂಪನಿಯ ಸ್ಲಿಪ್ಪರ್ ಹಬ್, ಅಂದರೆ ಕ್ಲಚ್ ಪ್ಲೇಟುಗಳ ನಡುವೆ ಕೂರುವ ಒಳಭಾಗ. ಪ್ಲೇಟಿನ ಖರ್ಚಿಗಿಂತ ಐದಾರು ಪಟ್ಟು ಜಾಸ್ತಿ. ಕೈಯಲ್ಲಿ ಹಿಡಿದು ನೋಡಿದರೆ ಅದರ ಕೆಲಸ ತಾನಾಗಿಯೇ ಅರ್ಥವಾಗುತ್ತದೆ. ಹಬ್ ಎರಡು ತುಂಡು. ನಡುವೆ ಇಳಿಜಾರು ಏಣುಗಳಿವೆ. ಇಂಜಿನ್ ಚಕ್ರವನ್ನು ಓಡಿಸುವಾಗ ಎರಡೂ ಒಂದಾಗಿ ಕೂರುತ್ತವೆ. ಚಕ್ರ ಇಂಜಿನ್ನನ್ನು ಓಡಿಸಲು ಹೊರಟಾಗ ಒಂದು ತುಂಡು ಇಳಿಜಾರಿನ ಮೇಲೆ ಹತ್ತಿ, ಪ್ಲೇಟುಗಳನ್ನು ಅಮುಕಿ ಹಿಡಿಯುವ ಪ್ರೆಷರ್ ಪ್ಲೇಟನ್ನು ಎತ್ತುತ್ತದೆ. ಪ್ಲೇಟುಗಳ ಹಿಡಿತ ಸಡಿಲಾಗಿ ಸ್ವಲ್ಪ ಜಾರುತ್ತವೆ. ನಾವು ಕ್ಲಚ್ಚನ್ನು ಅರ್ಧ ಹಿಡಿದ ಹಾಗೆ.

ಕೂರಿಸುವುದು ಮಾತ್ರ ಸುಲಭದ ಕೆಲಸ ಅಲ್ಲ. ಹಬ್ಬಿನ ನಟ್ಟಿಗೆ ಮಡಚಿದ ಲಾಕ್ ವಾಷರ್ ಇರುತ್ತದೆ, ಅದನ್ನು ಉಳಿಯಿಂದ ನೇರ ಮಾಡಬೇಕು. ನಟ್ ಬಿಚ್ಚುವಾಗ ಹಬ್ ತಿರುಗದಂತೆ ಹಿಡಿಯಲು, ಸುಟ್ಟುಹೋದ ನನ್ನದೇ ಸ್ಟೀಲ್ ಪ್ಲೇಟಿಗೆ ಪಕ್ಕದ ವರ್ಕ್‌ಶಾಪಿನಲ್ಲಿ ಪಟ್ಟಿ ವೆಲ್ಡ್ ಮಾಡಿಸಿ ಹಿಡಿಕೆ ಮಾಡಿಕೊಂಡೆವು. ಎಲ್ಲಕ್ಕಿಂತ ಮುಖ್ಯ, ಪ್ಲೇಟುಗಳ ಒಟ್ಟು ದಪ್ಪ. ದಪ್ಪ ಜಾಸ್ತಿಯಾದರೆ ಇಳಿಜಾರು ಹತ್ತಿದರೂ ಪ್ರೆಷರ್ ಪ್ಲೇಟ್ ಏಳುವುದಿಲ್ಲ, ಸ್ಲಿಪ್ಪರ್ ಇದ್ದೂ ಇಲ್ಲದ ಹಾಗೆ. ಕಡಿಮೆಯಾದರೆ ಬೇಗ ಎದ್ದು ಸುಮ್ನೆ ಜಾರುತ್ತಲೇ ಇರುತ್ತದೆ. ಮೊದಲ ಸಲ ನಮ್ಮದು ಕಡಿಮೆಯಾಗಿತ್ತು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಗಾಡಿ ನ್ಯೂಟ್ರಲ್ಲಿಗೆ ಬಿದ್ದಂತೆ ತೇಲುತ್ತಿತ್ತು. ಕವರ್ ಮತ್ತೆ ಬಿಚ್ಚಿ, ಒಂದು ಸ್ಟೀಲ್ ಪ್ಲೇಟನ್ನು ಬದಲಿಸಿ ಸ್ವಲ್ಪ ದಪ್ಪದ್ದು ಹಾಕಿದ ಮೇಲೆ ಸರಿಹೋಯಿತು. ಕ್ಯಾಲಿಪರ್ ಹಿಡಿದು ಅಳೆಯದ ಕಡೆ ಈ ಕೆಲಸ ಕೊಡಬೇಡಿ.

ಮರುವಾರ ಅದೇ ಮಳೆ, ಅದೇ ತಿರುವು. ಬೇಕೆಂದೇ ಎರಡು ಗೇರ್ ಒಟ್ಟಿಗೆ ಇಳಿಸಿ ಕ್ಲಚ್ ಬಿಟ್ಟೆ. ಲಿವರಿನ ಮೇಲಿದ್ದ ಬೆರಳಿಗೆ ಸಣ್ಣಗೆ ನಾಡಿ ಮಿಡಿದ ಹಾಗಾಯಿತು, ಅಷ್ಟೇ. ಹಿಂದಿನ ಚಕ್ರ ಸುಮ್ಮನೆ ಉರುಳುತ್ತಲೇ ಇತ್ತು. ಹೆಲ್ಮೆಟ್ಟಿನೊಳಗೆ ಜೋರಾಗಿ ನಕ್ಕುಬಿಟ್ಟೆ.

ಕೊರತೆಗಳೂ ಇವೆ. ಉದ್ದ ಇಳಿಜಾರಿನಲ್ಲಿ ಇಂಜಿನ್ ಹಿಡಿದು ನಿಲ್ಲಿಸುವುದು ಕಡಿಮೆಯಾಯಿತು, ಬ್ರೇಕ್ ಜಾಸ್ತಿ ಹಿಡಿಯಬೇಕಾಗುತ್ತದೆ. ಕೆಳಗೆ ಕೇರಿ ಊರು ತಲುಪುವಷ್ಟರಲ್ಲಿ ಡಿಸ್ಕ್ ಕಾದಿತ್ತು. ಬ್ಯಾಟರಿ ಕೈಕೊಟ್ಟಾಗ ತಳ್ಳಿ ಸ್ಟಾರ್ಟ್ ಮಾಡುವುದೂ ಕಷ್ಟ, ಎರಡನೇ ಗೇರ್ ಬದಲು ಮೂರರಲ್ಲಿ ಪ್ರಯತ್ನಿಸಬೇಕು. ಮತ್ತೆ ಇದು ಎಬಿಎಸ್ ಅಲ್ಲ. ಹಿಂದಿನ ಬ್ರೇಕನ್ನು ತುಳಿದು ಚಕ್ರ ಲಾಕ್ ಮಾಡಿದರೆ ಸ್ಲಿಪ್ಪರ್ ಏನೂ ಮಾಡಲಾರದು.

ಹೋಲಿಕೆಗೆ ಗೆಳೆಯನ ಮೂರನೇ ಆವೃತ್ತಿಯನ್ನು ಅದೇ ರಸ್ತೆಯಲ್ಲಿ ಓಡಿಸಿದೆ. ಗೇರ್ ಇಳಿಸುವಾಗ ಎರಡೂ ಸರಿಸುಮಾರು ಒಂದೇ. ವ್ಯತ್ಯಾಸ ಲಿವರಿನಲ್ಲಿ. ಅವನದನ್ನು ಎರಡೇ ಬೆರಳಲ್ಲಿ ಎಳೆಯಬಹುದು. ಅದು 'ಅಸಿಸ್ಟ್' ಭಾಗದ ಕೆಲಸ. ಆಕ್ಸಿಲರೇಟರ್ ಕೊಟ್ಟಾಗ ಇನ್ನೊಂದು ಬಗೆಯ ಇಳಿಜಾರು ಪ್ಲೇಟುಗಳನ್ನು ತಾನೇ ಒಳಗೆ ಎಳೆದು ಬಿಗಿ ಮಾಡುತ್ತದೆ, ಹಾಗಾಗಿ ಮೆತ್ತನೆ ಸ್ಪ್ರಿಂಗ್ ಸಾಕು. ನಾನು ಹಾಕಿಸಿದ್ದರಲ್ಲಿ ಬರೀ ಸ್ಲಿಪ್ಪರ್ ಇದೆ, ಅಸಿಸ್ಟ್ ಇಲ್ಲ. ಲಿವರ್ ಮೊದಲಿನಷ್ಟೇ ಗಟ್ಟಿ. ಕೊಳ್ಳುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ.

ಆಯಿಲ್ ವಿಷಯದಲ್ಲಿ ಮೂರಕ್ಕೂ ಒಂದೇ ನಿಯಮ. ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಎಂದು ಇರಬೇಕು; ಆಯಿಲ್‌ನಲ್ಲೇ ಮುಳುಗಿರುವ ಬೈಕ್ ಕ್ಲಚ್ಚಿಗೆ ಹೊಂದುತ್ತದೆ ಎಂಬ ಗುರುತು ಅದು. ಕಾರಿನ ಆಯಿಲ್ ಹಾಕಿದರೆ ಎಷ್ಟೇ ಒಳ್ಳೆಯ ಪ್ಲೇಟಾದರೂ ಜಾರಬಹುದು.

ನನ್ನ ಗಾಡಿಯಲ್ಲಿ ಈಗ ಸ್ಲಿಪ್ಪರ್ರೇ ಇದೆ, ಯಾಕೆಂದರೆ ತಿಂಗಳಿಗೆ ಎರಡು ಸಲವಾದರೂ, ಮಳೆಗಾಲದಲ್ಲೂ, ನಾನು ಆ ಘಾಟಿ ಇಳಿಯುತ್ತೇನೆ. ನನ್ನ ತಮ್ಮನದೂ ಇದೇ ಮಾದರಿ. ಅವನು ಓಡಾಡುವುದು ಮಚ್ಛೆಯ ಕಾಲೇಜಿಗೆ, ಊರೊಳಗೆ. ಕಳೆದ ಭಾನುವಾರ ಅವನ ಗಾಡಿಗೆ ಕಂಪನಿ ಪ್ಲೇಟ್ ಮತ್ತು ಹೊಸ ಕೇಬಲ್ ಹಾಕಿ, ಲಿವರಿನ ತುದಿಯಲ್ಲಿ 10ರಿಂದ 15 ಮಿಲಿಮೀಟರ್ ಸಡಿಲ ಬಿಟ್ಟು ಕೊಟ್ಟೆ. ಉಳಿದ ದುಡ್ಡಿಗೆ ಹಿಂದಿನ ಟೈರ್ ಬದಲಿಸಿದೆವು.