ಮಸ್ಟ್ ಪೋಷಣೆ ತಪಾಸಣೆ: ಕ್ಯಾನ್ಸರ್ ಸರ್ಜನ್ ಕೈಗೆ ಎಷ್ಟು ಒದಗುತ್ತದೆ?

ಆಪರೇಷನ್‌ಗೆ ಬಂದ ಕ್ಯಾನ್ಸರ್ ರೋಗಿ ಎಷ್ಟು ಸೊರಗಿದ್ದಾರೆ ಎಂದು ಅಳೆಯುವ ಸಾಧನಗಳಲ್ಲಿ ತೀರಾ ಸರಳವಾದದ್ದು 'ಮಸ್ಟ್'. ಬ್ರಿಟನ್ನಿನ ಪೋಷಣಾ ತಜ್ಞರ ಬೇಪೆನ್ ಸಂಸ್ಥೆ ಇದನ್ನು 2003ರಲ್ಲಿ ಹೊರತಂದಿತು. ತೂಕದ ಯಂತ್ರ, ಎತ್ತರದ ಪಟ್ಟಿ, ಐದು ನಿಮಿಷ ಇದ್ದರೆ ಸಾಕು, ವಾರ್ಡಿನ ನರ್ಸ್ ಕೂಡ ಮಾಡಬಹುದು.

ಲೆಕ್ಕ ಹೀಗೆ: ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 20ಕ್ಕಿಂತ ಹೆಚ್ಚಿದ್ದರೆ 0 ಅಂಕ, 18.5ರಿಂದ 20ರೊಳಗಿದ್ದರೆ 1, ಅದಕ್ಕೂ ಕಡಿಮೆಯಾದರೆ 2. ಕಳೆದ ಮೂರರಿಂದ ಆರು ತಿಂಗಳಲ್ಲಿ ತಾನಾಗಿ ಇಳಿದ ತೂಕ ಶೇ. 5ಕ್ಕಿಂತ ಕಡಿಮೆಯಿದ್ದರೆ 0, 10ರವರೆಗೆ 1, ಮೀರಿದರೆ 2. ತೀವ್ರ ಕಾಯಿಲೆಯಿಂದ ಐದು ದಿನಕ್ಕಿಂತ ಹೆಚ್ಚು ಊಟವೇ ಇಲ್ಲದಿದ್ದರೆ ಇನ್ನೂ 2. ಒಟ್ಟು 2 ಅಥವಾ ಹೆಚ್ಚು ಬಂದರೆ ಅಪಾಯ ಜಾಸ್ತಿ.

ಇದರ ನಿಜವಾದ ಬೆಲೆ ಎರಡನೇ ಹೆಜ್ಜೆಯಲ್ಲಿ, ಅಂದರೆ ಇಳಿದ ತೂಕದ ಲೆಕ್ಕದಲ್ಲಿದೆ. 158 ಸೆಂ.ಮೀ. ಎತ್ತರದ ಹೆಂಗಸು ಆರು ತಿಂಗಳಲ್ಲಿ 62 ಕೆಜಿಯಿಂದ 55 ಕೆಜಿಗೆ ಇಳಿದಿದ್ದಾರೆ ಎನ್ನಿ. ಬಿಎಂಐ ಈಗಲೂ 22; ಒಪಿಡಿಯಲ್ಲಿ ಒಮ್ಮೆ ಕಣ್ಣಾಡಿಸಿದರೆ 'ಮೈಕೈ ತುಂಬಿಕೊಂಡೇ ಇದ್ದಾರೆ' ಅನ್ನಿಸುತ್ತದೆ. ಆದರೆ ಶೇ. 11 ತೂಕ ಹೋಗಿದೆ, ಅಂಕ 2. ಹಳೆಯ ತೂಕ ಗೊತ್ತಿಲ್ಲದಿದ್ದರೆ ಬಳೆ ಸಡಿಲವಾಗಿ ಮೊಣಕೈವರೆಗೆ ಜಾರುತ್ತಿದೆಯೇ, ರವಿಕೆಗೆ ಹೊಸದಾಗಿ ಒಳಹೊಲಿಗೆ ಹಾಕಿಸಿದ್ದಾರೆಯೇ ಎಂದು ಕೇಳಿ. ಬಟ್ಟೆ, ಒಡವೆ ಸಡಿಲವಾಗುವುದನ್ನು ಮಸ್ಟ್ ಕೂಡ ಸುಳಿವಾಗಿ ಒಪ್ಪುತ್ತದೆ. ನಿಲ್ಲಲಾಗದವರ ಎತ್ತರವನ್ನು ಮುಂಗೈ ಮೂಳೆಯ ಉದ್ದದಿಂದ ಅಂದಾಜಿಸುವ ಪಟ್ಟಿಯೂ ಜೊತೆಗಿದೆ.

ಕೊರತೆಗಳೂ ಇವೆ. ಹೊಟ್ಟೆಯಲ್ಲಿ ನೀರು ತುಂಬಿದ, ಕಾಲು ಬಾತ ರೋಗಿಯಲ್ಲಿ ತೂಕವೇ ಸುಳ್ಳು ಹೇಳುತ್ತದೆ. ಮಾಂಸಖಂಡ ಕರಗಿದ್ದು ಇದಕ್ಕೆ ಕಾಣುವುದಿಲ್ಲ. 'ಈಗ ಅರ್ಧ ಮುದ್ದೆಯೂ ಇಳಿಯುವುದಿಲ್ಲ' ಎಂದರೆ ಅದನ್ನು ಬರೆದುಕೊಳ್ಳಲು ಇಲ್ಲಿ ಜಾಗವಿಲ್ಲ. ಎನ್‌ಆರ್‌ಎಸ್-2002 ಎಂಬ ಇನ್ನೊಂದು ತಪಾಸಣಾ ಸಾಧನ ಅದನ್ನು ಕೇಳುತ್ತದೆ.

ಆದರೆ ದೊಡ್ಡ ತೊಂದರೆ ಕಾಗದದಲ್ಲಿಲ್ಲ. ಅಂಕ 2 ಬಂದ ಮೇಲೆ ಏನು ಮಾಡಬೇಕು ಎಂಬುದು ಸರ್ಜನ್‌ಗೆ ಗೊತ್ತಿರಬೇಕು, ಅಲ್ಲೇ ಕೆಲಸ ಕೆಡುತ್ತದೆ. ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆ ಎಂದು ಒಂದು ಬಾಟಲಿ ಅಲ್ಬುಮಿನ್ ಏರಿಸಿದರೆ ಅದು ಪೋಷಣೆಯಲ್ಲ. ಉರಿಯೂತ, ಸೋಂಕು ಇದ್ದರೂ ಅಲ್ಬುಮಿನ್ ಇಳಿಯುತ್ತದೆ. 'ಗಂಜಿ ಕುಡಿಸಿ' ಎಂಬ ಮಾತೂ ಹಾಗೆಯೇ. 25 ಗ್ರಾಂ ಅಕ್ಕಿಯ ಒಂದು ಲೋಟ ಗಂಜಿಯಲ್ಲಿ ಸುಮಾರು 90 ಕ್ಯಾಲೊರಿ, 2 ಗ್ರಾಂ ಪ್ರೋಟೀನ್. ಮೇಲಿನ ಹೆಂಗಸಿಗೆ ಬೇಕಾದದ್ದು ಕೆಜಿಗೆ 25–30ರಂತೆ ದಿನಕ್ಕೆ 1375ರಿಂದ 1650 ಕ್ಯಾಲೊರಿ, 1.5 ಗ್ರಾಂನಂತೆ 80 ಗ್ರಾಂ ದಾಟುವ ಪ್ರೋಟೀನ್. ಮೊಟ್ಟೆಯಲ್ಲಿ 6 ಗ್ರಾಂ, ಲೋಟ ಹಾಲಿನಲ್ಲಿ 6–7, ಒಂದು ಹಿಡಿ ಶೇಂಗಾದಲ್ಲಿ 6. ಈ ಲೆಕ್ಕ ಚೀಟಿಯಲ್ಲಿ ಬರೆದುಕೊಡದೆ ಮನೆಯವರು ಹೇಗೆ ತಾನೇ ತುಂಬಿಸುತ್ತಾರೆ? ಬಾಯಿಂದ ಆಗದಿದ್ದರೆ ಮೂಗಿನ ಟ್ಯೂಬ್ ಹಾಕಲು ತಡಮಾಡಬಾರದು.

ಆರು ತಿಂಗಳಲ್ಲಿ ಶೇ. 10–15ಕ್ಕಿಂತ ಹೆಚ್ಚು ತೂಕ ಇಳಿದವರಿಗೆ ದೊಡ್ಡ ಆಪರೇಷನ್‌ಗೆ ಮುಂಚೆ 7ರಿಂದ 14 ದಿನ ಪೋಷಣೆ ಕೊಡಿ, ಅದಕ್ಕಾಗಿ ಆಪರೇಷನ್ ಮುಂದೆ ಹೋದರೂ ಸರಿ ಎನ್ನುತ್ತದೆ ಯುರೋಪಿನ ಪೋಷಣಾ ತಜ್ಞರ ಸಂಸ್ಥೆ ಎಸ್ಪೆನ್‌ನ ಮಾರ್ಗಸೂಚಿ. ಗಡ್ಡೆ ಬೆಳೆಯುತ್ತದೆಂಬ ಭಯಕ್ಕೆ ಈ ದಿನಗಳನ್ನು ಕತ್ತರಿಸಿದರೆ ಹೊಲಿದ ಕರುಳು ಕೂಡದೆ ಸೋರುವ ಅಪಾಯ ಹೆಚ್ಚುತ್ತದೆ.

ಅನ್ನನಾಳದ ಗಡ್ಡೆಯಿಂದ ಹತ್ತು ದಿನ ನುಂಗಲಾಗದೆ ಬಂದವರಿಗೆ ಮಾತ್ರ ಆತುರ ಬೇಡ. ಒಂದೇ ಸಲ ಪೂರ್ತಿ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಮೊದಲು ಥಯಮಿನ್ (ಬಿ1 ವಿಟಮಿನ್), ನಂತರ ಕೆಜಿಗೆ 10 ಕ್ಯಾಲೊರಿಯಿಂದ ಶುರು: 45 ಕೆಜಿಯವರಿಗೆ ಮೊದಲ ದಿನ 450. ದಿನವೂ ರಕ್ತ ಪರೀಕ್ಷಿಸುತ್ತಾ ನಾಲ್ಕರಿಂದ ಏಳು ದಿನದಲ್ಲಿ ಪೂರ್ತಿಗೆ ಏರಿಸಿ.

ಒಟ್ಟಿನಲ್ಲಿ ಒಪಿಡಿಗೆ ಮಸ್ಟ್ ಧಾರಾಳವಾಗಿ ಇಟ್ಟುಕೊಳ್ಳಿ. ಅಂಕ 1 ಬಂದ ಕ್ಯಾನ್ಸರ್ ರೋಗಿಯನ್ನೂ ಅಂದೇ ಡಯಟಿಷಿಯನ್ ಬಳಿ ಕಳಿಸಿ. ದಾಖಲಾದವರ ಅಂಕವನ್ನು ವಾರಕ್ಕೊಮ್ಮೆ ಮತ್ತೆ ಹಾಕಿ, ಡಿಸ್ಚಾರ್ಜ್ ಚೀಟಿಯಲ್ಲಿ ಆ ದಿನದ ತೂಕ ಬರೆಯಿರಿ. ಮುಂದಿನ ಭೇಟಿಯಲ್ಲಿ ಎಷ್ಟು ಇಳಿದರು ಎಂದು ತಿಳಿಯಲು ಆ ಒಂದು ಅಂಕಿಯೇ ಬೇಕು.